ಸ್ಪೆಕ್ಟ್ರೋಸ್ಕೋಪಿ, ಎಲ್‌ಡಿಎಚ್ ನೋಡಿನೇ ಮೆದುಳಿನ ಲಿಂಫೋಮಾ ಅಂತ ಹೇಳೋಕಾಗುತ್ತಾ?

ನಿಮ್ಮ ತಂದೆಯವರ ಎಂಆರ್‌ಐ ರಿಪೋರ್ಟಲ್ಲಿ ಲಿಂಫೋಮಾ (ಒಂದು ಬಗೆಯ ಬಿಳಿ ರಕ್ತಕಣಗಳ ಕ್ಯಾನ್ಸರ್) ಇರಬಹುದು ಅಂತ ಬಂದಿದೆ, ಸ್ಪೆಕ್ಟ್ರೋಸ್ಕೋಪಿನೂ ರಕ್ತದ ಎಲ್‌ಡಿಎಚ್ಚೂ (ಕೋಶಗಳು ಹಾಳಾದಾಗ ರಕ್ತಕ್ಕೆ ಸೇರೋ ಕಿಣ್ವ) ಮಾಡಿಸಿದ್ಮೇಲೆ ಬಯಾಪ್ಸಿ, ಅಂದ್ರೆ ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡೋದು, ಯಾಕೆ ಅಂತ ಕೇಳಿದೀರ. ತಲೆಗೆ ತೂತು ಹಾಕ್ತಾರೆ ಅಂದ್ರೆ ಯಾರಿಗಾದ್ರೂ ಎದೆ ಝಲ್ ಅನ್ನುತ್ತೆ, ಆದ್ರೂ ದಯವಿಟ್ಟು ಬೇಡ ಅನ್ಬೇಡಿ. ನಾನು ಎಂಆರ್‌ಐ ವಿಭಾಗದಲ್ಲೇ ಕೆಲ್ಸ ಮಾಡೋದು, ಈ ಗ್ರಾಫ್‌ಗಳನ್ನ ನೋಡ್ತಾನೇ ಇರ್ತೀನಿ.

ಸ್ಪೆಕ್ಟ್ರೋಸ್ಕೋಪಿ ಎಂಆರ್‌ಐ ಯಂತ್ರದಲ್ಲೇ ಮಾಡೋ ಪರೀಕ್ಷೆ, ಗಡ್ಡೆ ಒಳಗೆ ಯಾವ ರಾಸಾಯನಿಕ ಎಷ್ಟಿದೆ ಅಂತ ಗ್ರಾಫಲ್ಲಿ ಗೊತ್ತಾಗುತ್ತೆ. ಚೆನ್ನಾಗಿರೋ ಮೆದುಳಲ್ಲಿ 2.0 ಪಿಪಿಎಂ (ಗ್ರಾಫಲ್ಲಿ ಯಾವ ರಾಸಾಯನಿಕ ಅಂತ ಗುರುತಿಸೋ ಅಳತೆ) ಹತ್ರ ಎನ್‌ಎಎ ಅನ್ನೋ ರಾಸಾಯನಿಕ ಎಲ್ಲಕ್ಕಿಂತ ಎತ್ತರಕ್ಕೆ ನಿಂತಿರುತ್ತೆ, ಅದು ನರಕೋಶಗಳ ಗುರುತು. ಲಿಂಫೋಮಾದಲ್ಲಿ ಅದು ಕುಸಿದು 3.2 ಹತ್ರ ಕೋಶದ ಪೊರೆಗೆ ಸಂಬಂಧಿಸಿದ ಕೋಲಿನ್ ಮೇಲೇಳುತ್ತೆ, ಯಾಕಂದ್ರೆ ಅಲ್ಲಿ ಕೋಶಗಳು ಒತ್ತೊತ್ತಾಗಿ ಬೆಳೀತಾ ಹೊಸ ಹೊಸ ಪೊರೆ ಕಟ್ತಿರ್ತವೆ, ಜೊತೆಗೆ 1.3 ಹತ್ರ ಕೊಬ್ಬು, ಲ್ಯಾಕ್ಟೇಟ್ ಎರಡೂ ಸೇರಿ ಅಗಲವಾದ ಗುಡ್ಡ ಕಾಣುತ್ತೆ. ತೊಂದ್ರೆ ಏನಂದ್ರೆ ಗ್ಲಿಯೋಬ್ಲಾಸ್ಟೋಮಾ ಅನ್ನೋ ಇನ್ನೊಂದು ಮೆದುಳಿನ ಕ್ಯಾನ್ಸರಲ್ಲೂ ಹೆಚ್ಚುಕಮ್ಮಿ ಇದೇ ಚಿತ್ರ. ಅದ್ರಲ್ಲಿ ಕೊಬ್ಬು ಸಾಮಾನ್ಯವಾಗಿ ನಡುವೆ ಸತ್ತುಹೋದ ಭಾಗದಿಂದ ಬರುತ್ತೆ, ಲಿಂಫೋಮಾದಲ್ಲಿ ಗಟ್ಟಿ ಭಾಗದಲ್ಲೇ ಸಿಗುತ್ತೆ, ಒಳ್ಳೆ ಸುಳಿವೇ, ಆದ್ರೆ ಅದನ್ನೇ ನಂಬ್ಕೊಂಡು ಕೀಮೋ ಶುರು ಮಾಡೋಕಾಗಲ್ಲ. ನಮ್ಮ ದೇಶದಲ್ಲಿ ಟಿಬಿ ಗಡ್ಡೆನೂ ಇದೆ ನೋಡಿ, ಅದ್ರಲ್ಲೂ 1.3ರ ಗುಡ್ಡ ಏಳುತ್ತೆ.

ಎಲ್‌ಡಿಎಚ್ ಲಿವರ್ ತೊಂದ್ರೆಗೂ ಏರುತ್ತೆ, ರಕ್ತ ತೆಗೆಯುವಾಗ ಕಣಗಳು ಒಡೆದ್ರೂ ಏರುತ್ತೆ. ಕಾಯಿಲೆ ಖಚಿತ ಆದ್ಮೇಲೆ ಮುಂದೆ ಹೇಗಿರುತ್ತೆ ಅಂತ ಅಂದಾಜು ಮಾಡೋಕೆ ಅದು ಹೆಚ್ಚು ಉಪಯೋಗ. ಬೆನ್ನಿನ ನೀರಲ್ಲಿ (ಮೆದುಳು, ಬೆನ್ನುಹುರಿ ಸುತ್ತ ಇರೋ ದ್ರವ) ಇಂಟರ್‌ಲ್ಯೂಕಿನ್-10, ಸಿಎಕ್ಸ್‌ಸಿಎಲ್13 ಅನ್ನೋ ಪ್ರೋಟೀನ್‌ಗಳು, ಎಂವೈಡಿ88 ಜೀನಿನ ಬದಲಾವಣೆ ನೋಡೋದು ಇದಕ್ಕಿಂತ ಎಷ್ಟೋ ಗಟ್ಟಿ ಪುರಾವೆ, ಬಯಾಪ್ಸಿಗೆ ಕೈ ಹಾಕೋಕಾಗದ ಜಾಗದಲ್ಲಿ ಗಡ್ಡೆ ಇದ್ರೆ ಇವೇ ಆಸರೆ, ಆದ್ರೆ ಎಲ್ಲಾ ಲ್ಯಾಬಲ್ಲೂ ಮಾಡಲ್ಲ, ತಲೆಯಲ್ಲಿ ಒತ್ತಡ ಜಾಸ್ತಿ ಇದ್ರೆ ಬೆನ್ನಿಂದ ನೀರು ತೆಗೆಯೋದೂ ಅಪಾಯ. ಎಚ್‌ಐವಿ ಟೆಸ್ಟು, ಕಣ್ಣಿನ ಸ್ಲಿಟ್ ಲ್ಯಾಂಪ್ ಪರೀಕ್ಷೆ ಹೇಳಿದ್ರೆ ಗಾಬರಿ ಆಗ್ಬೇಡಿ, ಲಿಂಫೋಮಾ ಕಣ್ಣಲ್ಲೂ ಇರಬಹುದು.

ಇವತ್ತೇ ಕೇಳಬೇಕಾದ್ದು ಒಂದಿದೆ: ತಂದೆಯವರಿಗೆ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಕೊಡ್ತಿದಾರಾ? ಸ್ಟೀರಾಯ್ಡ್‌ಗೆ ಲಿಂಫೋಮಾ ಕೋಶಗಳು ಬೇಗ ಸಾಯ್ತವೆ, ಗಡ್ಡೆ ಕರಗಿದ ಹಾಗೆ ಕಾಣುತ್ತೆ, ಮನೆಯವರಿಗೆಲ್ಲ ಖುಷಿ, ಆಮೇಲೆ ಬಯಾಪ್ಸಿ ಮಾಡಿದ್ರೆ ಏನೂ ಸಿಗದೇ ಹೋಗಬಹುದು, ಅಷ್ಟರಲ್ಲಿ ಕಾಯಿಲೆ ಮತ್ತೆ ಬರುತ್ತೆ. ಊತ ಜಾಸ್ತಿ ಇದ್ರೆ ಕೊಡಲೇಬೇಕಾಗುತ್ತೆ, ಹಾಗಾಗಿ ನೀವಾಗೇ ನಿಲ್ಲಿಸ್ಬೇಡಿ, ಯಾವತ್ತಿಂದ ಎಷ್ಟು ಡೋಸ್ ಅಂತ ಇರೋ ಚೀಟಿನ ನೇರ ನ್ಯೂರೋಸರ್ಜನ್‌ಗೆ ತೋರ್ಸಿ, ಬಯಾಪ್ಸಿ ಯಾವತ್ತು ಅಂತ ಅವರು ತೀರ್ಮಾನ ಮಾಡ್ಲಿ.