ಕುಳ್ಳನ ಲೆಕ್ಕ

"ಹಾಸ್ಯನಟರಾಗಿ ಚೆನ್ನಾಗೇ ನಡೀತಿತ್ತಲ್ಲ, ದ್ವಾರಕೀಶ್ ಯಾಕೆ ಸುಮ್ನೆ ನಿರ್ಮಾಪಕ, ನಿರ್ದೇಶಕ ಆಗೋಕೆ ಹೋಗಿ ದುಡ್ಡು ಕಳ್ಕೊಂಡರು?" ಅಂತ ಕೇಳಿದ್ದೀರಿ. ಓದಿ ನಗು ಬಂತು. ನಮ್ಮ ಮನೆಯ ಜಗಲಿ ಮೇಲೂ ಇದೇ ಮಾತು ಎಷ್ಟೋ ಸಲ ಆಗಿದೆ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲು ಒಂದು ವಿಷಯ. ನಟನೆ ಮೊದಲು, ದುಡ್ಡು ಹಾಕೋ ಹುಚ್ಚು ಆಮೇಲೆ ಅಂದುಕೊಂಡಿದ್ದೀರಲ್ಲ, ಅದು ಅಷ್ಟು ಸರಿಯಿಲ್ಲ. ಹುಣಸೂರಿನ ಹುಡುಗ, ಹುಟ್ಟಿದ್ದು 1942ರಲ್ಲಿ. ಮೈಸೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಅಣ್ಣನ ಜೊತೆ ಆಟೋ ಸ್ಪೇರ್ಸ್ ಅಂಗಡಿ ಇಟ್ಟಿದ್ದರು. ಅಂದರೆ ಬಣ್ಣ ಹಚ್ಚೋ ಮೊದಲೇ ಗಲ್ಲಾಪೆಟ್ಟಿಗೆ ಮುಂದೆ ಕೂತ ಮನುಷ್ಯ. ಸೋದರಮಾವ ಹುಣಸೂರು ಕೃಷ್ಣಮೂರ್ತಿ ದೊಡ್ಡ ನಿರ್ದೇಶಕರು, ಅವರ 'ವೀರ ಸಂಕಲ್ಪ'ದಲ್ಲಿ 1964ರಲ್ಲಿ ಮುಖ ತೋರಿಸಿದರು. ಎರಡೇ ವರ್ಷಕ್ಕೆ, 1966ರಲ್ಲಿ, 'ಮಮತೆಯ ಬಂಧನ'ಕ್ಕೆ ಪಾಲುದಾರರಾಗಿ ನಿರ್ಮಾಣಕ್ಕೂ ಕೈ ಹಾಕಿದರು. ನಟನಾಗಿ ಇನ್ನೂ ಯಾರೂ ಸರಿಯಾಗಿ ಗುರುತೇ ಹಿಡಿದಿರಲಿಲ್ಲ ಆಗ!

ಮೂರು ವರ್ಷ ಬಿಟ್ಟು 'ಮೇಯರ್ ಮುತ್ತಣ್ಣ'. ಇದು ಪೂರ್ತಿ ಅವರದೇ. ರಾಜ್‌ಕುಮಾರ್ ನಾಯಕ, ಭಾರತಿ ನಾಯಕಿ. ಹಳ್ಳಿಯಿಂದ ಬಂದವನು ಬೆಂಗಳೂರಿನ ಮೇಯರ್ ಆಗೋ ಕಥೆ. ರಾಜ್‌ಕುಮಾರ್ ಡೇಟ್ಸ್ ಸಿಕ್ಕ ಮೇಲೆ ಯಾರಾದರೂ ಏನು ಮಾಡ್ತಾರೆ? ಹೆಸರಿರೋ ನಿರ್ದೇಶಕರನ್ನ ಕರೀತಾರೆ, ರಿಸ್ಕ್ ಕಡಿಮೆ ಮಾಡ್ಕೋತಾರೆ. ಇವರು ಸಿದ್ದಲಿಂಗಯ್ಯನವರಿಗೆ ಕೊಟ್ಟರು. ಅದು ಸಿದ್ದಲಿಂಗಯ್ಯನವರ ಮೊದಲ ಸಿನಿಮಾ. ಮುಂದೆ ಅದೇ ಸಿದ್ದಲಿಂಗಯ್ಯ 'ಬಂಗಾರದ ಮನುಷ್ಯ' ಮಾಡಿದ್ದು ನಿಮಗೆ ಗೊತ್ತೇ ಇದೆ. ಎಂಟು ವರ್ಷ ಆದಮೇಲೆ ಮತ್ತೆ ಅದೇ ಆಟ: 1977ರ 'ಭಾಗ್ಯವಂತರು', ಮತ್ತೆ ರಾಜ್‌ಕುಮಾರ್, ಈ ಸಲ ಭಾರ್ಗವ ಅವರಿಗೆ ಮೊದಲ ಅವಕಾಶ. ಒಂದು ಸಲ ಆದರೆ ಅದೃಷ್ಟ ಅನ್ನಬಹುದು. ಎರಡು ಸಲ, ಅದೂ ರಾಜ್‌ಕುಮಾರ್ ಸಿನಿಮಾದಲ್ಲೇ ಹೊಸಬರ ಮೇಲೆ ದುಡ್ಡು ಕಟ್ಟೋಕೆ ಬೇರೆ ಥರದ ಎದೆ ಬೇಕು.

ಹೊಸಬರನ್ನ ಗುರುತಿಸೋ ಈ ಕಣ್ಣು ಎಲ್ಲಿಂದ ಬಂತು ಅಂದ್ರೆ, ನನ್ನ ಲೆಕ್ಕದಲ್ಲಿ ಕಾಮಿಡಿಯಿಂದಲೇ. ಹೀರೋ ಒಂದು ಸಿನಿಮಾಕ್ಕೆ ತಿಂಗಳುಗಟ್ಟಲೆ ಕೂತಿರ್ತಾನೆ. ಹಾಸ್ಯನಟನದು ಹಾಗಲ್ಲ. ಇಲ್ಲಿ ನಾಲ್ಕು ದಿನ, ಅಲ್ಲಿ ಆರು ದಿನ ಕಾಲ್‌ಶೀಟ್, ಬೆಳಿಗ್ಗೆ ಒಂದು ಫ್ಲೋರು, ಮಧ್ಯಾಹ್ನ ಇನ್ನೊಂದು. ಅವತ್ತಿನ ಮದ್ರಾಸಿನ ಸ್ಟುಡಿಯೋಗಳಲ್ಲಿ ಕನ್ನಡ, ತಮಿಳು, ತೆಲುಗು ಎಲ್ಲ ಅಕ್ಕಪಕ್ಕದಲ್ಲೇ ನಡೀತಿತ್ತು. ಯಾವ ನಿರ್ದೇಶಕ ಟೈಮಿಗೆ ಶಾಟ್ ಮುಗಿಸ್ತಾನೆ, ಯಾವ ಅಸೋಸಿಯೇಟ್ ನಿಜವಾಗಿ ಕೆಲಸ ಮಾಡ್ತಾನೆ, ಯಾರು ಬರೀ ಕುರ್ಚಿ ಹಾಕ್ಕೊಂಡು ಕೂರ್ತಾನೆ ಅನ್ನೋದು ಸೆಟ್ಟಿಂದ ಸೆಟ್ಟಿಗೆ ಓಡೋನಿಗೆ ತಿಳಿಯೋಷ್ಟು ಹೀರೋಗೂ ತಿಳಿಯೋದಿಲ್ಲ.

ಇನ್ನೊಂದು ಕಾರಣ ಅವರ ಎತ್ತರ. ಕುಳ್ಳನನ್ನ ಹೀರೋ ಮಾಡಿ ಅಂತ ಯಾವ ನಿರ್ಮಾಪಕನ ಹತ್ತಿರ ಹೋಗಿ ಕೇಳೋದು? ನಗ್ತಾರೆ ಅಷ್ಟೇ. ಅದಕ್ಕೆ ತಾನೇ ನಿರ್ಮಾಪಕನಾಗಿ 1972ರಲ್ಲಿ 'ಕುಳ್ಳ ಏಜೆಂಟ್ 000' ಮಾಡಿದರು, ತಾನೇ ಹೀರೋ. ಜೇಮ್ಸ್ ಬಾಂಡ್ ಥರದ ಪತ್ತೇದಾರ, ಆದರೆ ನಂಬರು ಪೂರಾ ಸೊನ್ನೆ! ಊರವರು ಅಡ್ಡಹೆಸರು ಇಟ್ಟು ನಗೋ ಮುಂಚೆ ತಾನೇ ಅದನ್ನ ಪೋಸ್ಟರ್ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ ಟಿಕೆಟ್ ಹರಿದರು. ಆಮೇಲೆ 'ಕಳ್ಳ ಕುಳ್ಳ', 'ಸಿಂಗಾಪುರದಲ್ಲಿ ರಾಜಾ ಕುಳ್ಳ', 'ಪ್ರಚಂಡ ಕುಳ್ಳ'. ನಮ್ಮಲ್ಲಿ ಬೇರೆ ಯಾವ ನಟ ತನ್ನ ಮೈಯ ಕೊರತೆಯನ್ನ ಹೀಗೆ ಅಂಗಡಿ ಬೋರ್ಡ್ ಮಾಡ್ಕೊಂಡಿದ್ದಾನೆ ಹೇಳಿ? ಆ ಏಜೆಂಟ್ ಸಿನಿಮಾಕ್ಕೆ ಹಾಡಿಸಿದ್ದು ಕಿಶೋರ್ ಕುಮಾರ್ ಕೈಲಿ. ರಾಜನ್-ನಾಗೇಂದ್ರ ಸಂಗೀತದ 'ಆಡು ಆಟ ಆಡು'. ಬಾಂಬೆಯಲ್ಲಿ ಅಷ್ಟು ಬ್ಯುಸಿ ಇದ್ದ ಮನುಷ್ಯನನ್ನ ಒಪ್ಪಿಸಿ ಕುಳ್ಳನ ಹಾಡಿಗೆ ಕನ್ನಡ ಹಾಡಿಸೋದು ತಮಾಷೆ ಅಲ್ಲ. ಇವತ್ತಿಗೂ ಆರ್ಕೆಸ್ಟ್ರಾದವರು ಆ ಹಾಡು ಎತ್ತಿಕೊಂಡರೆ ಹಿಂದಿನ ಸಾಲಿನ ಅಜ್ಜಂದಿರೂ ಕಾಲು ಕುಣಿಸ್ತಾರೆ.

1978ರ 'ಸಿಂಗಾಪುರದಲ್ಲಿ ರಾಜಾ ಕುಳ್ಳ'ಕ್ಕೆ ಇಡೀ ತಂಡವನ್ನ ಸಿಂಗಾಪುರಕ್ಕೆ ಕರ್ಕೊಂಡು ಹೋದರು. ಹೊರದೇಶದಲ್ಲಿ ಚಿತ್ರೀಕರಣ ಆದ ಮೊದಲ ಕನ್ನಡ ಸಿನಿಮಾ ಅಂತಲೇ ಅದಕ್ಕೆ ಹೆಸರು. ಪಾಸ್‌ಪೋರ್ಟ್ ಅಂದರೇನು ಅಂತ ನೋಡದೇ ಇದ್ದವರೇ ಜಾಸ್ತಿ ಇದ್ದ ಕಾಲ ಅದು. ಇಂಥ ಖರ್ಚು ಮಾಡುವಾಗ ಕನ್ನಡದ ಮಾರುಕಟ್ಟೆ ಎಷ್ಟು ಚಿಕ್ಕದು ಅಂತ ಅವರಿಗೆ ಗೊತ್ತಿರಲಿಲ್ವಾ? ಚೆನ್ನಾಗಿ ಗೊತ್ತಿತ್ತು. ಅದಕ್ಕೇ ತಮಿಳಿಗೂ ಹೋದರು, ರಜನಿಕಾಂತ್-ಶ್ರೀದೇವಿ ಜೋಡಿಯಲ್ಲಿ 1983ರಲ್ಲಿ 'ಅಡುತ್ತ ವಾರಿಸು' ತೆಗೆದರು.

ನಿರ್ದೇಶನಕ್ಕೆ ಬಂದಿದ್ದು ತಡವಾಗಿ, 1985ರಲ್ಲಿ. 'ನೀ ಬರೆದ ಕಾದಂಬರಿ', ಹಿಂದಿಯ 'ಪ್ಯಾರ್ ಝುಕ್ತಾ ನಹೀಂ' ರೀಮೇಕ್. ವಿಷ್ಣುವರ್ಧನ್, ಭವ್ಯ, ವಿಜಯಾನಂದ್ ಸಂಗೀತ. ಕಾಮಿಡಿಯನ್ ನಿರ್ದೇಶನ ಅಂದ್ರೆ ಕಾಮಿಡಿ ಇರುತ್ತೆ ಅಂತ ಹೋದವರಿಗೆ ಕರವಸ್ತ್ರ ಬೇಕಾಯ್ತು. ಮರುವರ್ಷ ಅದೇ ಕಥೆಯನ್ನ ರಜನಿ, ಶ್ರೀದೇವಿ ಹಾಕ್ಕೊಂಡು ತಮಿಳಲ್ಲೂ ತಾವೇ ನಿರ್ದೇಶಿಸಿದರು. ಆಮೇಲೆ 'ಆಫ್ರಿಕಾದಲ್ಲಿ ಶೀಲಾ', 'ಡಾನ್ಸ್ ರಾಜಾ ಡಾನ್ಸ್' (ಲೀಲಾವತಿಯವರ ಮಗ ವಿನೋದ್ ರಾಜ್ ಹೀರೋ ಆಗಿದ್ದು ಇದರಲ್ಲೇ), 1990ರಲ್ಲಿ 'ಶ್ರುತಿ'. ನಟಿ ಶ್ರುತಿ ಅವರಿಗೆ ಆ ಹೆಸರು ಬಂದಿದ್ದೇ ಈ ಸಿನಿಮಾದಿಂದ. 1993ರಲ್ಲಿ 'ರಾಯರು ಬಂದರು ಮಾವನ ಮನೆಗೆ'. ಮಲಯಾಳಂ 'ಚಿತ್ರಂ' ಕಥೆಗೆ ಕೆ.ಎಸ್. ನರಸಿಂಹಸ್ವಾಮಿಯವರ ಸಾಲನ್ನ ಹೆಸರು ಮಾಡಿದ್ದಕ್ಕೇ ನಾನು ಅರ್ಧ ಮಾರ್ಕು ಜಾಸ್ತಿ ಕೊಡ್ತೀನಿ.

ಅವರು ಮಹಾ ನಿರ್ದೇಶಕರಾ ಅಂದ್ರೆ, ಇಲ್ಲ. ಕ್ಯಾಮೆರಾ ಎಲ್ಲಿಡಬೇಕು ಅನ್ನೋದರಲ್ಲಿ ಹೊಸತೇನೂ ಮಾಡಲಿಲ್ಲ. ಕಥೆ ಹೆಚ್ಚಾಗಿ ಬೇರೆ ಭಾಷೆಯಿಂದ ತಂದದ್ದು. ಹಾಡು ಚೆನ್ನಾಗಿ ಕೇಳಿ ಬರೆಸ್ತಿದ್ದರು, ಜನ ಎಲ್ಲಿ ಅಳ್ತಾರೆ ಅಂತ ಗೊತ್ತಿತ್ತು. ಅವರ ಬ್ಯಾನರಿನ ಅತ್ಯುತ್ತಮ ಸಿನಿಮಾಗಳು ಬೇರೆಯವರು ನಿರ್ದೇಶಿಸಿದ್ದು ಅಂತ ನನಗನ್ನಿಸುತ್ತೆ. ಬೈಯೋದಿದ್ರೆ ಬೈಯಿರಿ.

ಈಗ ದುಡ್ಡಿನ ವಿಷಯ. ನಮ್ಮ ದೊಡ್ಡಪ್ಪ ಎಂಬತ್ತರ ದಶಕದ ಕೊನೆಯಲ್ಲಿ ಒಂದು ಸಿನಿಮಾಕ್ಕೆ ಪಾಲು ಹಾಕಿದ್ದರು. ಹೆಸರು ಬೇಡ, ಹೇಳಿದ್ರೂ ನಿಮಗೆ ಗೊತ್ತಾಗಲ್ಲ, ಅದು ಬಿಡುಗಡೆಯೇ ಆಗಲಿಲ್ಲ. ಶೂಟಿಂಗ್ ಮುಗಿದಿತ್ತು, ಫಿಲ್ಮ್ ತೊಳೆದು ಪ್ರಿಂಟ್ ಹಾಕೋ ಲ್ಯಾಬಿನ ಬಾಕಿ ಕಟ್ಟೋಕೆ ಆಗಲಿಲ್ಲ, ಆಗೆಲ್ಲ ಬಾಕಿ ಕಟ್ಟದೆ ಪ್ರಿಂಟ್ ಹೊರಗೆ ಬರ್ತಿರಲಿಲ್ಲ. ಅಷ್ಟರಲ್ಲಿ ಫೈನಾನ್ಸ್‌ನವರ ಬಡ್ಡಿ ತಿಂಗಳು ತಿಂಗಳು ಓಡ್ತಾನೇ ಇರುತ್ತೆ, ಅದಕ್ಕೆ ಮಳೆ, ಹಬ್ಬ, ಹೀರೋಗೆ ಜ್ವರ ಏನೂ ಗೊತ್ತಾಗಲ್ಲ. ಕೊನೆಗೆ ದೊಡ್ಡಪ್ಪನ ಮಂಚದ ಕೆಳಗೆ ಉಳಿದಿದ್ದು ಅಂಟಿಸದೇ ಇದ್ದ ಪೋಸ್ಟರ್ ಕಟ್ಟು. ಎರಡು ವರ್ಷ ನಮ್ಮ ಶಾಲೆ ಪುಸ್ತಕಕ್ಕೆಲ್ಲ ಅದೇ ಬೈಂಡು. ನನ್ನ ಗಣಿತದ ಪುಸ್ತಕದ ಮೇಲೆ ಹೀರೋನ ಅರ್ಧ ಮೀಸೆ ಇತ್ತು, ಇನ್ನರ್ಧ ತಂಗಿಯ ಸಮಾಜದ ಮೇಲೆ. ದೊಡ್ಡಮ್ಮ ಮಾತ್ರ ಆ ಪುಸ್ತಕ ಕಂಡಾಗೆಲ್ಲ ಒಳಗೆ ಎದ್ದು ಹೋಗ್ತಿದ್ದರು. ಟೀವಿಯಲ್ಲಿ ಕುಳ್ಳ ಬಂದಾಗ ದೊಡ್ಡಪ್ಪ ಹೇಳ್ತಿದ್ದದ್ದು ಒಂದೇ: "ನಾನು ಒಂದಕ್ಕೇ ಮಲಗಿಬಿಟ್ಟೆ. ಇವನು ಹೇಗೆ ಮತ್ತೆ ಮತ್ತೆ ಎದ್ದು ಬರ್ತಾನೋ!"

ಯಾಕಂದ್ರೆ ದ್ವಾರಕೀಶ್ ಸೋತಿದ್ದೂ ನಿಜ. ಸಾಲು ಸಾಲಾಗಿ ಸಿನಿಮಾ ಬಿದ್ದವು, ಸಾಲ ತೀರಿಸೋಕೆ ಮನೆಗಳನ್ನ ಮಾರಿದರು, ಅದನ್ನ ಅವರು ಎಂದೂ ಮುಚ್ಚಿಟ್ಟವರಲ್ಲ. ವಿಷ್ಣು ಜೊತೆಗಿನ ಸ್ನೇಹಕ್ಕೂ ಮಧ್ಯೆ ಬಿರುಕು ಬಿತ್ತು, ತೊಂಬತ್ತರ ದಶಕದ ನಡುವಿನಿಂದ ಹತ್ತು ವರ್ಷದ ಹತ್ತಿರ ಇಬ್ಬರೂ ಒಟ್ಟಿಗೆ ಕೆಲಸ ಮಾಡಲಿಲ್ಲ.

ಆಮೇಲೆ 2004, 'ಆಪ್ತಮಿತ್ರ'. 1993ರ ಮಲಯಾಳಂ 'ಮಣಿಚಿತ್ರತಾಳ್' ಕಥೆ, ಹನ್ನೊಂದು ವರ್ಷ ಹಳೇದು. ನಿರ್ದೇಶನ ತಾವು ಮಾಡಲಿಲ್ಲ, ಪಿ. ವಾಸು ಅವರಿಗೆ ಬಿಟ್ಟರು. ನೋಡಿ, ಇಲ್ಲೇ ಅವರ ಜಾಣತನ ಇರೋದು. ಮುನಿಸು ಬಿಟ್ಟು ವಿಷ್ಣುವರ್ಧನ್ ಬಂದರು. ನಾಗವಲ್ಲಿಯಾಗಿ ಸೌಂದರ್ಯ. ಏಪ್ರಿಲ್‌ನಲ್ಲಿ ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಸಿನಿಮಾ ತೆರೆಗೆ ಬಂದಿದ್ದು ಆಗಸ್ಟ್‌ನಲ್ಲಿ. ನಾನು ಮೂರನೇ ವಾರ ಹೋಗಿದ್ದೆ, ಆಗಲೂ ಬ್ಲ್ಯಾಕ್‌ನಲ್ಲೇ ಟಿಕೆಟ್. 'ರಾ ರಾ' ಹಾಡು ಶುರುವಾದಾಗ ಅಷ್ಟೊತ್ತು ಶಿಳ್ಳೆ ಹೊಡೀತಿದ್ದ ಮುಂದಿನ ಸಾಲು ಪೂರ್ತಿ ಸುಮ್ಮನಾಯ್ತು. ಪಕ್ಕದಲ್ಲಿದ್ದ ಹೆಂಗಸು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ಅಳ್ತಿದ್ದರು, ಭಯಕ್ಕಲ್ಲ. ಆ ಸಿನಿಮಾ ತಿಂಗಳುಗಟ್ಟಲೆ ಓಡಿತು. ಮರುವರ್ಷ ಅದೇ ವಾಸು ರಜನಿಯನ್ನ ಹಾಕ್ಕೊಂಡು 'ಚಂದ್ರಮುಖಿ' ಮಾಡಿದರು.

ಆ ದುಡ್ಡು ಉಳೀತಾ ಅಂದ್ರೆ, ಆಮೇಲೂ ಸಿನಿಮಾಕ್ಕೇ ಹಾಕಿದರು! 2017ರ 'ಚೌಕ' ಬ್ಯಾನರಿನ ಐವತ್ತನೇ ಸಿನಿಮಾ, ಅಷ್ಟೊತ್ತಿಗೆ ಮಗ ನೋಡ್ಕೊಳ್ತಿದ್ದರು. ನಿರ್ದೇಶಕ ತರುಣ್ ಸುಧೀರ್, ಅವರಿಗೂ ಅದು ಮೊದಲ ಸಿನಿಮಾ. ಸಿದ್ದಲಿಂಗಯ್ಯನವರ ಕಾಲದ ಚಾಳಿ ಮನೆಯಲ್ಲಿ ಹಾಗೇ ಉಳಿದಿತ್ತು ಅಂತಾಯ್ತು.

2024ರ ಏಪ್ರಿಲ್ 16ರಂದು ದ್ವಾರಕೀಶ್ ಹೋದ ಸುದ್ದಿ ಬಂದಾಗ ದೊಡ್ಡಪ್ಪನಿಗೆ ಫೋನ್ ಮಾಡಿದ್ದೆ. ಈಗ ಕಿವಿ ಸ್ವಲ್ಪ ಮಂದ, ಎರಡು ಸಲ ಹೇಳಬೇಕಾಯ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಟ್ಟು ಎಷ್ಟು ಸಿನಿಮಾ ತೆಗೆದರಂತೆ?" ಅಂದರು. ಐವತ್ತರ ಮೇಲೆ ಅಂದೆ. "ನಮ್ಮದು ಒಂದು" ಅಂದು ಫೋನ್ ಇಟ್ಟರು.