ಲಂಗರಿನ ತೂಕ ಆಮೇಲೆ, ಮೊದಲು ಹಗ್ಗ ಅಳೆಯಿರಿ

ಹಾಯಿದೋಣಿ ಇಟ್ಟುಕೊಂಡವರಿಂದ ಬರುವ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ಮಾತು ಕೇಳುತ್ತವೆ: ‘ಎಷ್ಟು ಕೆಜಿ ಲಂಗರು ಕೊಳ್ಳಲಿ?’ ಈ ಪ್ರಶ್ನೆ ಇನ್ನು ಸಾಕು. ಅದಕ್ಕಾಗಿಯೇ ಈ ಸಲ ಒಬ್ಬರ ಪತ್ರಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ. ಗಾಳಿಗೆ ಮುಖ ಮಾಡಿ ದೋಣಿ ನಿಲ್ಲಿಸುವುದು, ಲಂಗರನ್ನು ಎಸೆಯದೆ ಇಳಿಸುವುದು ಇಂಥವನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ. ಅಷ್ಟೂ ಬಾರದವರು ದೋಣಿಯಲ್ಲಿ ರಾತ್ರಿ ಕಳೆಯುವ ಆಲೋಚನೆ ಬಿಡುವುದು ಒಳ್ಳೆಯದು.

ಪ್ರಶ್ನೆ: ನನ್ನದು 22 ಅಡಿಯ ಹಾಯಿದೋಣಿ. ಡ್ಯಾನ್‌ಫೋರ್ತ್ ಮಾದರಿಯ 12 ಕೆಜಿ ಲಂಗರು, 2 ಮೀಟರ್ ಸರಪಳಿ, ಉಳಿದದ್ದು ಮೀನುಗಾರರ ಹಸಿರು ಹಗ್ಗ. ಕಾರವಾರದ ಕೊಲ್ಲಿಯಲ್ಲಿ ಸಂಜೆ 4 ಮೀಟರ್ ನೀರಿನಲ್ಲಿ ಐದು ಪಟ್ಟು, ಅಂದರೆ 20 ಮೀಟರ್ ಬಿಟ್ಟು ಮಲಗುತ್ತೇನೆ. ಬೆಳಗಿನ ಜಾವ ಎದ್ದರೆ ದೋಣಿ ಕಡಲಿನತ್ತ ಜಾರಿರುತ್ತದೆ. ಅಂಗಡಿಯವರು 20 ಕೆಜಿಯದು ತೆಗೆದುಕೊಳ್ಳಿ ಎನ್ನುತ್ತಾರೆ. ಮುಂಭಾಗದಲ್ಲಿ ಹಗ್ಗ ಕಟ್ಟುವ ಗೂಟ, ಅಂದರೆ ಕ್ಲೀಟ್ ಕೂಡ ಸ್ವಲ್ಪ ಅಲುಗಾಡುತ್ತಿದೆ, ಉದ್ದನೆಯ ಸ್ಕ್ರೂ ಹಾಕಲೇ?

20 ಕೆಜಿಯದು ಕೊಳ್ಳಬೇಡಿ. ಸ್ಕ್ರೂವನ್ನಂತೂ ಹಾಕಲೇಬೇಡಿ.

ಲಂಗರು ದೋಣಿಯನ್ನು ಹಿಡಿದು ನಿಲ್ಲಿಸುವುದು ಭಾರದಿಂದಲ್ಲ, ತಳದಲ್ಲಿ ಹೂತುಕೊಳ್ಳುವುದರಿಂದ. ಎಳೆತ ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿದ್ದರೆ ಅದು ಎಳೆದಷ್ಟೂ ಒಳಗಿಳಿಯುತ್ತದೆ. ಎಳೆತ ಮೇಲ್ಮುಖವಾದರೆ ಎಷ್ಟೇ ಕೆಜಿ ಇರಲಿ, ಕಿತ್ತುಕೊಂಡು ಬರುತ್ತದೆ. ಈಗ ನಿಮ್ಮ ಲೆಕ್ಕ ನೋಡೋಣ. ನೀವು ಅಳೆದ 4 ಮೀಟರ್ ಇಳಿತದ ಹೊತ್ತಿನದು ಎಂದುಕೊಳ್ಳೋಣ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಕಾರವಾರದಲ್ಲಿ ಉಬ್ಬರಕ್ಕೆ ಸುಮಾರು 2 ಮೀಟರ್ ನೀರು ಏರುತ್ತದೆ. ನೀರಿನ ಮಟ್ಟದಿಂದ ದೋಣಿಯ ಮೂತಿಗೆ ಇನ್ನೊಂದು ಮೀಟರ್. ಒಟ್ಟು 7. ನೀವು ಬಿಟ್ಟ 20 ಮೀಟರ್ ಅದರ ಮೂರು ಪಟ್ಟೂ ಇಲ್ಲ! ಬಿಗಿಯಾದಾಗ ಹಗ್ಗ ನೆಲದಿಂದ 20 ಡಿಗ್ರಿ ಮೇಲೆದ್ದಿರುತ್ತದೆ. ಏಳು ಪಟ್ಟು, ಅಂದರೆ 49 ಮೀಟರ್ ಬಿಟ್ಟಿದ್ದರೆ ಅದು 8 ಡಿಗ್ರಿಗೆ ಇಳಿಯುತ್ತಿತ್ತು. ಪೂರ್ತಿ ಸರಪಳಿಯೇ ಇದ್ದರೆ ಐದು ಪಟ್ಟು ಸಾಕು, ಹಗ್ಗಕ್ಕೆ ಏಳು. ಅಷ್ಟು ಸುತ್ತಿ ತಿರುಗಲು ಜಾಗವಿಲ್ಲ ಎಂದು ಕೆಲವರು ವಾದಿಸುತ್ತಾರೆ. ಜಾಗವಿಲ್ಲದಿದ್ದರೆ ಅಲ್ಲಿ ಲಂಗರು ಹಾಕಬಾರದು, ಅಷ್ಟೇ.

ಆ ಹಸಿರು ಹಗ್ಗವನ್ನು ಇಂದೇ ತೆಗೆಯಿರಿ. ಅದು ಪಾಲಿಪ್ರೊಪಿಲೀನ್. ನೀರಿನಲ್ಲಿ ತೇಲುತ್ತದೆ, ಬಿಸಿಲಿಗೆ ಪುಡಿಯಾಗುತ್ತದೆ, ಪಕ್ಕದ ದೋಣಿಯ ಪ್ರೊಪೆಲರ್‌ಗೆ ಸುತ್ತಿಕೊಳ್ಳುತ್ತದೆ. ಬೇಕಾದದ್ದು ಮೂರು ಎಳೆಯ 12 ಮಿಲಿಮೀಟರ್ ನೈಲಾನ್. ಅದು ಮುಳುಗುತ್ತದೆ, ಅಲೆ ಹೊಡೆದಾಗ ಹಿಗ್ಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಲಂಗರಿನ ಕಡೆಗೆ 8 ಮಿಲಿಮೀಟರ್ ದಪ್ಪದ ಗ್ಯಾಲ್ವನೈಸ್ಡ್ ಸರಪಳಿ 8 ಮೀಟರ್ ಆದರೂ ಇರಲಿ. ಇದರ ತೂಕ ಮೀಟರಿಗೆ ಸುಮಾರು 1.4 ಕೆಜಿ. 20 ಕೆಜಿ ಲಂಗರಿಗೆ ಎತ್ತಿಟ್ಟ ಹಣವನ್ನು ಇದಕ್ಕೆ ಹಾಕಿ. ಆದರೆ ಸರಪಳಿಯ ಭಾರವೇ ದೋಣಿಯನ್ನು ಹಿಡಿಯುತ್ತದೆ ಎಂಬ ಮಾತನ್ನು ನಂಬಬೇಡಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆಗ ಸರಪಳಿಯ ಬಾಗು ಮಾಯವಾಗಿ ಅದೂ ನೆಟ್ಟಗೆ ನಿಲ್ಲುತ್ತದೆ. ಬಂಡೆಗೂ ಚಿಪ್ಪಿಗೂ ಉಜ್ಜಿ ಹಗ್ಗ ಹರಿಯದಂತೆ ಕಾಯುವುದು ಅದರ ಒಂದು ದೊಡ್ಡ ಕೆಲಸ.

ಬೆಳಗಿನ ಜಾವವೇ ಏಕೆ ಜಾರುತ್ತದೆ ಎಂಬುದನ್ನು ನೀವು ಕೇಳಿಲ್ಲ, ಕೇಳಬೇಕಿತ್ತು. ನವೆಂಬರ್‌ನಿಂದ ಮಾರ್ಚ್‌ವರೆಗೆ ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಕಡಲಿನಿಂದ ಬರುತ್ತದೆ. ರಾತ್ರಿ ನೆಲ ತಣ್ಣಗಾದ ಮೇಲೆ ಘಟ್ಟದ ಕಡೆಯಿಂದ ಮೂಡುಗಾಳಿ ಇಳಿಯುತ್ತದೆ. ಪಡುವಣಕ್ಕೆ ಮುಖ ಮಾಡಿದ್ದ ದೋಣಿ ಪೂರ್ತಿ ತಿರುಗಿ, ಲಂಗರನ್ನು ಹಿಂದುಮುಂದಾಗಿ ಎಳೆಯುತ್ತದೆ. ಡ್ಯಾನ್‌ಫೋರ್ತ್ ಮಾದರಿಯ ಮಡಚುವ ಅಲಗುಗಳ ದೊಡ್ಡ ದೌರ್ಬಲ್ಯ ಇದೇ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕಿಳಿಸುವ ದೋಣಿಗಳಲ್ಲಿ ಬಳಕೆಯಾದ ಲಂಗರು ಅದು. ಒಂದೇ ದಿಕ್ಕಿನ ಎಳೆತಕ್ಕೆ, ಮರಳಿನಲ್ಲಿ, ತೂಕಕ್ಕೆ ಮೀರಿದ ಹಿಡಿತ ಕೊಡುತ್ತದೆ. ದಿಕ್ಕು ಬದಲಾದಾಗ ಕಿತ್ತು ಬಂದರೆ, ಅಲಗುಗಳ ನಡುವೆ ಒಂದು ಚಿಪ್ಪೋ ಕೆಸರಿನ ಮುದ್ದೆಯೋ ಸಿಕ್ಕಿಕೊಂಡರೆ ಸಾಕು, ಮತ್ತೆ ಕಚ್ಚುವುದಿಲ್ಲ, ತಳದ ಮೇಲೆ ಜಾರುತ್ತಾ ಹೋಗುತ್ತದೆ.

ಭೌತವಿಜ್ಞಾನಿ ಜೆಫ್ರಿ ಟೇಲರ್ 1933ರಲ್ಲಿ ಪೇಟೆಂಟ್ ಪಡೆದ ಸಿಕ್ಯೂಆರ್ ಲಂಗರಿಗೆ ನೇಗಿಲಿನ ಗುಳದ ಆಕಾರ. ಅದು ತಿರುಗಿದ ಎಳೆತವನ್ನು ಸಾಕಷ್ಟು ತಾಳಿಕೊಳ್ಳುತ್ತದೆ, ಆದರೆ ಕಚ್ಚಲು ನಿಧಾನ. ನಿಮಗೆ ನಾನು ಹೇಳುವುದು ರೊಕ್ನಾದಂಥ, ಒಳಬಾಗಿದ ಅಗಲ ಅಲಗು ಮತ್ತು ಬೆನ್ನ ಮೇಲೆ ಕಮಾನು ಇರುವ ಲಂಗರು. ಹೇಗೆ ಬಿದ್ದರೂ ಕಮಾನಿನಿಂದಾಗಿ ಮಗುಚಿ, ತುದಿ ನೆಲಕ್ಕೆ ಬರುತ್ತದೆ. ನಿಮ್ಮ ದೋಣಿಗೆ 8 ಕೆಜಿಯದು ಸಾಕು. ನೋಡಲು ಅದೇ ಥರ ಇರುವ ಅಗ್ಗದ ನಕಲುಗಳನ್ನು ಮುಟ್ಟಬೇಡಿ. ಅವುಗಳ ದಂಡವು ಪಕ್ಕದ ಎಳೆತಕ್ಕೆ ಬಾಗುತ್ತದೆ.

ಹಾಕಿದ ಮೇಲೆ ಎಂಜಿನನ್ನು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಹಿಂದಕ್ಕೆ ಓಡಿಸಿ ಲಂಗರನ್ನು ಹೂಳಿ. ಎಂಜಿನ್ ಇಲ್ಲದವರು ಹಾಯಿಯನ್ನು ಗಾಳಿಗೆ ಎದುರಾಗಿ ಒತ್ತಿ ಹಿಡಿದು ಹಿಂದೆ ಸರಿಯಬಹುದು. ದಡದ ಮೇಲೆ ಒಂದರ ಹಿಂದೆ ಒಂದು ಕಾಣುವ ಎರಡು ಗುರುತು ಇಟ್ಟುಕೊಳ್ಳಿ, ಒಂದು ತೆಂಗಿನಮರ, ಅದರ ಹಿಂದೆ ಒಂದು ದೀಪ. ಅವು ಬೇರೆಯಾಗುತ್ತಲೇ ಹೋದರೆ ನೀವು ಜಾರುತ್ತಿದ್ದೀರಿ. ಮೂಡುಗಾಳಿ ಎದ್ದಾಗ ನೀವೂ ಏಳಿ, ಹೊಸ ಗುರುತು ಹಿಡಿದು ಅರ್ಧ ಗಂಟೆ ಕಾದು ನೋಡಿ.

ಇನ್ನು ಕ್ಲೀಟ್. ಲಂಗರಿನ ಅಷ್ಟೂ ಎಳೆತವನ್ನು ಹೊರುವ ಜಾಗ ಅದು. ಮುಂದಿನ ಮುಚ್ಚಳ ತೆಗೆದು, ಬ್ಯಾಟರಿ ಹಿಡಿದು, ಡೆಕ್ಕಿನ ಅಡಿಯಿಂದ ನೋಡಿ. ರೂಪಾಯಿ ನಾಣ್ಯದಷ್ಟು ವಾಷರ್‌ಗಳು ಫೈಬರ್‌ಗೆ ಕಚ್ಚಿಕೊಂಡು ಸುತ್ತ ನಕ್ಷತ್ರದಂತೆ ಬಿರುಕು ಬಿಟ್ಟಿರಬಹುದು. ರಂಧ್ರದಿಂದ ಕಂದು ನೀರು ತೊಟ್ಟಿಕ್ಕಿದ ಕಲೆ ಇದ್ದರೆ ಡೆಕ್ಕಿನ ಎರಡು ಫೈಬರ್ ಪದರಗಳ ನಡುವಿನ ಮರ ಕೊಳೆತಿದೆ ಎಂದೇ ಅರ್ಥ. ಅಂಥದ್ದಕ್ಕೆ ಉದ್ದ ಸ್ಕ್ರೂ ಹಾಕಿಕೊಡುವ ರಿಪೇರಿಯವರು ನಿಮ್ಮ ಜೀವದ ಜೊತೆ ಆಡುತ್ತಿದ್ದಾರೆ. ರಂಧ್ರ ಅಗಲಿಸಿ, ಕೊಳೆತದ್ದನ್ನು ಪೂರ್ತಿ ಕೆರೆದು, ಒಣಗಿಸಿ, ಗಟ್ಟಿ ಎಪಾಕ್ಸಿ ತುಂಬಿ. ಅದು ಕಲ್ಲಾದ ಮೇಲೆ ಮತ್ತೆ ಕೊರೆದು, 316 ದರ್ಜೆಯ ಸ್ಟೀಲ್ ಬೋಲ್ಟ್ ತೂರಿಸಿ, ಅಡಿಯಲ್ಲಿ ಕ್ಲೀಟಿಗಿಂತ ಸಾಕಷ್ಟು ಅಗಲವಾದ 6 ಮಿಲಿಮೀಟರ್ ಅಲ್ಯೂಮಿನಿಯಂ ತಟ್ಟೆ ಕೊಟ್ಟು ಬಿಗಿಯಿರಿ. ಹಗ್ಗ ಹಾಯುವ ಮೂತಿಯ ರೋಲರ್‌ಗೂ ಇದೇ ನಿಯಮ. ಅದರಿಂದ ಹಗ್ಗ ಹಾರದಂತೆ ಮೇಲೊಂದು ಅಡ್ಡಪಿನ್ ಇರಲಿ, ಹಗ್ಗ ಉಜ್ಜುವ ಕಡೆ ರಬ್ಬರ್ ಕೊಳವೆ ತೊಡಿಸಿ. ಲಂಗರನ್ನು ಸರಪಳಿಗೆ ಸೇರಿಸುವ ಕೊಂಡಿಯಾದ ಶ್ಯಾಕಲ್‌ನ ಪಿನ್ ಬಿಚ್ಚಿಕೊಳ್ಳದಂತೆ ತಂತಿ ಸುತ್ತುವುದನ್ನು ಮರೆತವರ ಲಂಗರುಗಳು ಕಡಲ ತಳದಲ್ಲಿ ಬೇಕಾದಷ್ಟಿವೆ.

ಪ್ರಶ್ನೆ: ಡಬ್ಬಕ್ಕೆ ಸಿಮೆಂಟ್ ತುಂಬಿ ಲಂಗರು ಮಾಡಿಕೊಳ್ಳಬಹುದೇ?

ಬೇಡ. ಕಾಂಕ್ರೀಟ್ ನೀರಿನಲ್ಲಿ ತನ್ನ ತೂಕದ ಸುಮಾರು 40 ಶೇಕಡಾ ಕಳೆದುಕೊಳ್ಳುತ್ತದೆ, ಹೂತುಕೊಳ್ಳುವುದಂತೂ ಇಲ್ಲ.

ಪ್ರಶ್ನೆ: ಲಂಗರನ್ನು ದೋಣಿಯ ಹಿಂಭಾಗಕ್ಕೆ ಕಟ್ಟಿದರೆ ಎತ್ತುವುದು ಸುಲಭವಲ್ಲವೇ?

ಹಿಂಭಾಗ ತಗ್ಗು. ಅಲೆ ನೇರವಾಗಿ ಒಳಗೆ ಬಂದು ದೋಣಿ ಮುಳುಗಬಹುದು.

ಪ್ರಶ್ನೆ: ನೇತ್ರಾಣಿ ದ್ವೀಪದ ಬಳಿ ಎಲ್ಲಿ ಲಂಗರು ಹಾಕಬೇಕು?

ಹವಳದ ಮೇಲೆ ಎಲ್ಲಿಯೂ ಹಾಕಬಾರದು. ಒಬ್ಬರು ದೋಣಿಯಲ್ಲೇ ಉಳಿದು ಅದನ್ನು ದೂರದಲ್ಲಿ ನಿಲ್ಲಿಸಿಕೊಂಡಿರಲಿ.

ಪ್ರಶ್ನೆ: ಇಷ್ಟೆಲ್ಲ ಮಾಡಿದರೆ ಮಳೆಗಾಲದಲ್ಲೂ ದೋಣಿಯನ್ನು ಲಂಗರಿನ ಮೇಲೆ ಬಿಡಬಹುದೇ?

ಜೂನ್ 1ರಿಂದ ದೊಡ್ಡ ಯಾಂತ್ರಿಕ ದೋಣಿಗಳೇ ಮೀನುಗಾರಿಕೆ ನಿಲ್ಲಿಸಿ ಬಂದರಿನಲ್ಲಿರುತ್ತವೆ. ಮೇ ಮೂರನೇ ವಾರದೊಳಗೆ ದೋಣಿಯನ್ನು ದಡಕ್ಕೆ ಎಳೆಸಿ, ಮಾಸ್ಟ್ ಇಳಿಸಿ, ಹೊದಿಸಿಡಿ.