ಹೊರದೇಶದ ಸೇವೆಗೆ ಹೊರಡುವ ಮುನ್ನ

ಪ್ರಶ್ನೆ: ನನ್ನ ಮಗಳು ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಳೆ. ನಮ್ಮ ಚರ್ಚಿನ ಯುವಜನರು ಉಗಾಂಡದ ಹಳ್ಳಿಯೊಂದಕ್ಕೆ ಮೂರು ವಾರಗಳ ಸೇವಾ ಪ್ರವಾಸ ಹೊರಡಲಿದ್ದಾರೆ. ಶಾಲೆಯ ಗೋಡೆ ಕಟ್ಟುವುದು, ಅನಾಥಾಲಯದ ಮಕ್ಕಳೊಂದಿಗೆ ಕಾಲ ಕಳೆಯುವುದು, ವೈದ್ಯಕೀಯ ಶಿಬಿರ ನಡೆಸುವುದು ಕಾರ್ಯಕ್ರಮದಲ್ಲಿವೆ. ತಲಾ ಎರಡೂವರೆ ಲಕ್ಷ ರೂಪಾಯಿ ಖರ್ಚಿದೆ. ಮಗಳಿಗೆ ಹೋಗುವ ಆಸೆ; ಅವಳ ಸೋದರಮಾವ ಮಾತ್ರ ‘ಬಡವರು ಇಲ್ಲೇ ಇಲ್ಲವೇ’ ಎನ್ನುತ್ತಾರೆ. ಕಳುಹಿಸಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ಸೋದರಮಾವನವರ ವಾದ ಕೇಳುವುದಕ್ಕೆ ಸರಿಯೆನಿಸಿದರೂ ನಿಮ್ಮ ಪ್ರಶ್ನೆಯನ್ನು ಅದು ಬಗೆಹರಿಸುವುದಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಹಾಗೆ ಎಣಿಸಿ ತಮ್ಮೂರಿನಲ್ಲೇ ಉಳಿದಿದ್ದರೆ 1834ರಲ್ಲಿ ಮಂಗಳೂರಿಗೆ ಬರುತ್ತಿರಲಿಲ್ಲ. 1843ರ ‘ಮಂಗಳೂರು ಸಮಾಚಾರ’ವಾಗಲಿ, 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಾಗಲಿ ನಮಗೆ ದಕ್ಕುತ್ತಿರಲಿಲ್ಲ. (ಅವರ ಮೂಲ ಉದ್ದೇಶ ಮತಪ್ರಚಾರವೇ ಆಗಿತ್ತು, ಅದಕ್ಕೆ ಆಕ್ಷೇಪಗಳೂ ಇದ್ದವು, ಅದನ್ನು ಮುಚ್ಚಿಡಬೇಕಾಗಿಲ್ಲ.) ಆದರೆ ಅವರು ಬಂದು, ಭಾಷೆ ಕಲಿತು, ವರ್ಷಗಟ್ಟಲೆ ಇಲ್ಲಿಯೇ ನಿಂತರು. ಉಗಾಂಡದ ಕಥೆಯೂ ಇದೇ ಬಗೆಯದು. ಅಲ್ಲಿಯ ಅತಿ ಹಳೆಯ ಆಸ್ಪತ್ರೆಯಾದ ಕಂಪಾಲಾದ ಮೆಂಗೊ ಆಸ್ಪತ್ರೆಯನ್ನು 1897ರಲ್ಲಿ ಆರಂಭಿಸಿದವರು ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿಯ ವೈದ್ಯ ಆಲ್ಬರ್ಟ್ ಕುಕ್. ಅವರ ಪತ್ನಿ ಕ್ಯಾಥರೀನ್ ಕೂಡ ನರ್ಸ್ ಆಗಿದ್ದವರು. ಆ ನಾಡಿನ ಹೆಣ್ಣುಮಕ್ಕಳಿಗೆ ಹೆರಿಗೆ ಮಾಡಿಸುವ ವಿದ್ಯೆಯನ್ನು ಕಲಿಸಿದರು. ಕುಕ್ ಅವರು 1951ರಲ್ಲಿ ಕಂಪಾಲಾದಲ್ಲೇ ತೀರಿಕೊಂಡರು. ಅವರು ಕಟ್ಟಿದ ಆಸ್ಪತ್ರೆ ಇಂದಿಗೂ ನಡೆಯುತ್ತಿದೆ.

ಈ ಹಿನ್ನೆಲೆಯಲ್ಲಿ ನಿಮ್ಮ ಮಗಳ ಕಾರ್ಯಕ್ರಮವನ್ನು ನೋಡಿದರೆ, ಮೂರರಲ್ಲಿ ಎರಡು ಕೆಲಸಗಳು ನನಗೆ ಒಪ್ಪಿಗೆಯಾಗುವುದಿಲ್ಲ. ಗೋಡೆ ಕಟ್ಟಲು ಉಗಾಂಡದಲ್ಲಿ ಗಾರೆಯವರಿಗೆ ಬರವಿಲ್ಲ, ಇರುವ ಕೊರತೆ ಅವರಿಗೆ ಕೂಲಿ ಕೊಡುವ ಹಣದ್ದು. 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸ್ ದೇಶದಲ್ಲಿ ಉತ್ತರ ಅಮೆರಿಕದ ಚರ್ಚುಗಳ ತಂಡಗಳು ಹೋಗಿ ಮನೆ ಕಟ್ಟಿಕೊಟ್ಟವು. ಅವರ ಪ್ರಯಾಣದ ವೆಚ್ಚವನ್ನೂ ಸೇರಿಸಿದರೆ ಒಂದೊಂದು ಮನೆಗೆ ಸುಮಾರು 30,000 ಡಾಲರ್ ತಗುಲಿತ್ತೆಂದೂ, ಸ್ಥಳೀಯ ಸಂಸ್ಥೆ ಕಟ್ಟಿಸಿದ ಅಂಥದೇ ಮನೆಗೆ ಸುಮಾರು 2,000 ಡಾಲರ್ ಸಾಕಾಗಿತ್ತೆಂದೂ ಬಳಿಕ ಅಧ್ಯಯನ ನಡೆಸಿದವರು ಲೆಕ್ಕ ಹಾಕಿದ್ದಾರೆ. ಆ ಸಂಶೋಧಕರೂ ಕ್ರೈಸ್ತ ಕಾಲೇಜಿನವರೇ ಆಗಿದ್ದರಿಂದ ಇದನ್ನು ಹೊರಗಿನವರ ಕೊಂಕು ಎಂದು ತಳ್ಳಿಹಾಕಲಾಗದು.

ಅನಾಥಾಲಯದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಅನೇಕ ದೇಶಗಳ ಅನಾಥಾಲಯಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಬಡತನದಿಂದಾಗಿ, ಕೆಲವೆಡೆ ಪ್ರವಾಸಿಗಳ ದೇಣಿಗೆಯ ಆಸೆಯಿಂದ ನಡೆಯುವ ಸಂಸ್ಥೆಗಳ ಒತ್ತಾಯದಿಂದಾಗಿ ಅವರನ್ನು ಮನೆಯಿಂದ ತಂದು ಸೇರಿಸಿರುತ್ತಾರೆ. ಮೂರು ವಾರ ಎತ್ತಿ ಆಡಿಸಿ ಹೊರಟುಹೋಗುವ ಅಕ್ಕಂದಿರು, ಅವರ ಹಿಂದೆಯೇ ಬರುವ ಮತ್ತೊಂದು ತಂಡ, ಇದರಿಂದ ಮಗುವಿನ ಮನಸ್ಸಿಗೆ ಆಗುವ ಹಾನಿಯನ್ನು ವಿಶ್ವಸಂಸ್ಥೆಯ ಮಹಾಸಭೆಯೂ ಗಮನಿಸಿದೆ. ಅನಾಥಾಲಯಗಳಲ್ಲಿನ ಸ್ವಯಂಸೇವಾ ಕಾರ್ಯಕ್ರಮಗಳಿಂದಾಗುವ ಹಾನಿಯನ್ನು ತಡೆಯಬೇಕೆಂದು 2019ರ ಡಿಸೆಂಬರ್‌ನಲ್ಲಿ ನಿರ್ಣಯದಲ್ಲಿ ಹೇಳಿತು.

ಉಳಿದದ್ದು ವೈದ್ಯಕೀಯ ಶಿಬಿರ. ಇಲ್ಲಿ ನಿಮ್ಮ ಮಗಳ ಕೈಯಲ್ಲಿ ನಿಜವಾದ ವಿದ್ಯೆಯಿದೆ, ಆದರೂ ಅದು ಎಲ್ಲಿ ಹೊಂದುತ್ತದೆಂದು ಯೋಚಿಸಬೇಕು. ನಮ್ಮ ಸೊರಬ, ಸಾಗರ, ತೀರ್ಥಹಳ್ಳಿಯ ಕಡೆ ಮಂಗನ ಕಾಯಿಲೆಯ ಕಾಲದಲ್ಲಿ ಬೇರೆ ದೇಶದ ನರ್ಸ್ ಒಬ್ಬರು ಮೂರು ವಾರಕ್ಕೆ ಬಂದರೆಂದುಕೊಳ್ಳಿ. ಯಾವ ಕಾಡಿನಂಚಿನಲ್ಲಿ ಮಂಗ ಸತ್ತಿದೆ, ಯಾರು ತರಗೆಲೆ ತರಲು ಹೋಗಿದ್ದರು, ಉಣುಗು ಕಚ್ಚದಂತೆ ತೈಲ ಹಚ್ಚಿಕೊಳ್ಳಲು ಯಾರನ್ನು ಒಪ್ಪಿಸಬೇಕು ಎಂಬುದು ಆ ಊರಿನ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆಯೇ ಹೊರತು ಬಂದವರಿಗಲ್ಲ. ಅಲ್ಲಿಯ ಹಳ್ಳಿಯಲ್ಲಿ ನಿಮ್ಮ ಮಗಳ ಸ್ಥಿತಿಯೂ ಹೀಗೆಯೇ ಆಗುತ್ತದೆ. ಶಿಬಿರದಲ್ಲಿ ರಕ್ತದೊತ್ತಡದ ಮಾತ್ರೆ ಕೊಟ್ಟು ಬಂದರೆ ಮುಂದಿನ ತಿಂಗಳ ಮಾತ್ರೆ ಎಲ್ಲಿಂದ ಬರುತ್ತದೆ?

ಆದ್ದರಿಂದ ಈ ಪ್ರವಾಸಕ್ಕೆ ಕಳುಹಿಸಬೇಡಿ ಎಂಬುದು ನನ್ನ ಅಭಿಪ್ರಾಯ. ಆಸೆಯನ್ನು ಮಾತ್ರ ಮುರಿಯಬೇಡಿ. ಅಲ್ಲಿಯ ಮಿಷನ್ ಆಸ್ಪತ್ರೆಯೊಂದು ತಾನಾಗಿ ನರ್ಸ್ ಬೇಕೆಂದು ಕೇಳಿದ್ದು, ಒಂದೆರಡು ವರ್ಷ ಅಲ್ಲಿಯ ಸಿಬ್ಬಂದಿಯ ಕೈಕೆಳಗೆ ದುಡಿಯುವ ಅವಕಾಶವಿದ್ದರೆ ಖಂಡಿತ ಹೋಗಲಿ. ಆಗಲೂ ಆ ದೇಶದ ನರ್ಸಿಂಗ್ ಮಂಡಳಿಯ ಅನುಮತಿಯಿಲ್ಲದೆ ರೋಗಿಯನ್ನು ಮುಟ್ಟಬಾರದು, ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸಕ್ಕೆ ಕೂರಬಾರದು. ಹಳದಿ ಜ್ವರದ ಲಸಿಕೆಯನ್ನು ಸರ್ಕಾರ ಗುರುತಿಸಿದ ಕೇಂದ್ರದಲ್ಲಿ, ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು. ಪ್ರಮಾಣಪತ್ರವಿಲ್ಲದೆ ಮರಳಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಪ್ರಶ್ನೆ: ಆಫ್ರಿಕದ ಮಿಷನ್ ಶಾಲೆಯೊಂದಕ್ಕೆ ಹಣ ಕಳುಹಿಸಿದರೆ ತೆರಿಗೆ ವಿನಾಯಿತಿ ಸಿಗುತ್ತದೆಯೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಇಲ್ಲ. ಜನ 80ಜಿ ಎಂದು ಕರೆಯುವ ವಿನಾಯಿತಿ ಭಾರತದಲ್ಲಿ ನೋಂದಾಯಿತವಾದ, ಇಲ್ಲಿ ಸೇವೆ ಮಾಡುವ ಸಂಸ್ಥೆಗಳಿಗೆ ಕೊಟ್ಟ ದಾನಕ್ಕೆ ಮಾತ್ರ ಅನ್ವಯಿಸುತ್ತದೆ. ಊರಿನ ಟ್ರಸ್ಟ್ ಒಂದಕ್ಕೆ ಕೊಟ್ಟು ಅಲ್ಲಿಂದ ಕಳುಹಿಸಿದರಾಯಿತು ಎಂದು ಕೆಲವರು ಸಲಹೆ ಕೊಡುತ್ತಾರೆ. ನೇರ ತೆರಿಗೆ ಮಂಡಳಿಯ ಅನುಮತಿಯಿಲ್ಲದೆ ಹೊರದೇಶದಲ್ಲಿ ವೆಚ್ಚ ಮಾಡಿದರೆ ಆ ಮೊತ್ತದ ಮೇಲಿನ ತೆರಿಗೆ ವಿನಾಯಿತಿ ಟ್ರಸ್ಟಿಗೆ ಸಿಗುವುದಿಲ್ಲವಾದ್ದರಿಂದ ಆ ದಾರಿ ಹಿಡಿಯಬೇಡಿ. ನಿಮ್ಮ ಹೆಸರಿನಲ್ಲೇ ಬ್ಯಾಂಕಿನ ಮೂಲಕ, ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಕಳುಹಿಸಬಹುದು. ಅದರ ವಾರ್ಷಿಕ ಮಿತಿ 2,50,000 ಡಾಲರ್ ಇರುವುದರಿಂದ ನಿಮಗೆ ತೊಡಕಾಗಲಾರದು. ಪ್ಯಾನ್ ಕಾರ್ಡ್ ಒಯ್ದು, ಅರ್ಜಿಯಲ್ಲಿ ಉದ್ದೇಶವನ್ನು ದಾನ ಎಂದೇ ನಮೂದಿಸಿ. ಅದಕ್ಕೂ ಮೊದಲು ಶಾಲೆಯಿಂದ ಹಿಂದಿನ ವರ್ಷದ ಲೆಕ್ಕಪರಿಶೋಧನಾ ವರದಿಯನ್ನು ತರಿಸಿಕೊಂಡು, ಶಿಕ್ಷಕರ ಸಂಬಳಕ್ಕೆ ಎಷ್ಟು ಹೋಗುತ್ತಿದೆಯೆಂದು ಓದಿ ನೋಡಿ.